ಅತ್ತೆ, ಎಮ್ಮೆ ಮತ್ತು ಮೊಬೈಲ್ ಕ್ಯಾಮೆರಾ

ಪ್ರಶ್ನೆ: ನಾನು ಹಳ್ಳಿಯ ಗೃಹಿಣಿ. ಮೊಬೈಲಿನಲ್ಲಿ ಫೋಟೋ ತೆಗೆಯುವ ಹುಚ್ಚು. ಮನೆಮಂದಿ ಮತ್ತು ದನಕರುಗಳದ್ದೇ ಫೋಟೋ. ಆದರೆ ಮೊಬೈಲ್ ಎತ್ತಿದ ಕೂಡಲೇ ಅತ್ತೆ ಸೆರಗು ಸರಿಮಾಡಿಕೊಂಡು ಸೆಟೆದು ನಿಲ್ಲುತ್ತಾರೆ. ಎಮ್ಮೆಯಂತೂ ಬರೀ ಕಪ್ಪು ಮುದ್ದೆ. ಕಣ್ಣೂ ಕಾಣಲ್ಲ, ಮೂಗೂ ಕಾಣಲ್ಲ. ಒಳ್ಳೆ ಕ್ಯಾಮೆರಾ ಕೊಳ್ಳಬೇಕಾ?

ಉತ್ತರ: ಬೇಡಮ್ಮ, ಸದ್ಯಕ್ಕೆ ದುಡ್ಡು ಉಳಿಸಿ. ನೀವು ಎಮ್ಮೆಯನ್ನು ಬಯಲಿನಲ್ಲಿ, ಹಿಂದೆ ಬೆಳ್ಳಗಿನ ಆಕಾಶ ಇರುವಾಗ ತೆಗೆಯುತ್ತಿದ್ದೀರಿ ಅಂತ ನನ್ನ ಊಹೆ. ಕ್ಯಾಮೆರಾ ತನಗೆ ಕಂಡ ಬೆಳಕನ್ನೆಲ್ಲ ಕೂಡಿ ಒಂದು ಸರಾಸರಿ ಲೆಕ್ಕ ಹಾಕುತ್ತದೆ. ಆಕಾಶದ ಬೆಳಕು ಜಾಸ್ತಿಯಾದರೆ ಇಡೀ ಚಿತ್ರವನ್ನೇ ಕತ್ತಲು ಮಾಡುತ್ತದೆ. ಆಗ ಎಮ್ಮೆ ಮುಳುಗಿಹೋಗುತ್ತದೆ. ಎಮ್ಮೆಯ ಮುಖವೇ ಪರದೆ ತುಂಬ ಇದ್ದರೆ ಇದರ ಉಲ್ಟಾ. ಇಷ್ಟೊಂದು ಕಪ್ಪು ಇರಲಾರದು ಅಂದುಕೊಂಡು ಬೂದು ಬಳಿದುಬಿಡುತ್ತದೆ. ಎಮ್ಮೆಯ ಮುಖ ಇರುವ ಕಡೆ ಪರದೆ ಮೇಲೆ ಬೆರಳು ಒತ್ತಿ. ಹೆಚ್ಚಿನ ಮೊಬೈಲುಗಳಲ್ಲಿ ಪಕ್ಕದಲ್ಲೇ ಒಂದು ಸೂರ್ಯನ ಗುರುತು ಬರುತ್ತದೆ. ಮುಳುಗಿದ್ದರೆ ಅದನ್ನು ಮೇಲಕ್ಕೆ ಎಳೆಯಿರಿ, ಬೂದಾಗಿದ್ದರೆ ಚೂರು ಕೆಳಕ್ಕೆ.

ಅದಕ್ಕಿಂತ ಸುಲಭ, ಜಾಗ ಬದಲಿಸುವುದು. ಎಮ್ಮೆಯನ್ನು ಕೊಟ್ಟಿಗೆಯ ಬಾಗಿಲ ಹತ್ತಿರ ಹೊರಗೆ ಮುಖ ಮಾಡಿ ಕಟ್ಟಿ. ಬಾಗಿಲ ಬೆಳಕು ಮೂತಿಯ ಮೇಲೆ ಬೀಳುತ್ತದೆ, ಆಕಾಶದ ಕಾಟವೂ ಇಲ್ಲ. ನೀವು ಬೆಳಕಿಗೆ ಅಡ್ಡ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ. ಮೈ ತೊಳೆದ ಮೇಲಾದರೆ ಇನ್ನೂ ಚೆನ್ನ. ಒದ್ದೆ ಚರ್ಮ ಬೆಳಕು ಹಿಡಿಯುತ್ತದೆ. ಕತ್ತಿನ ಮಡಿಕೆ, ಕೊಂಬಿನ ಉಂಗುರಗಳು, ಹೊಳ್ಳೆಯ ಅಂಚಿಗೆ ಅಂಟಿದ ಹನಿ ಎಲ್ಲ ಬೇರೆಬೇರೆಯಾಗಿ ಕಾಣುತ್ತವೆ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಎಮ್ಮೆ, ಹಸು, ನಾಯಿ, ಬೆಕ್ಕು ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಕಳಿಸುವ ಒಂದು ಪದರ ಇದೆ. ಮಬ್ಬುಗತ್ತಲಲ್ಲೂ ಕಾಣಲಿ ಅಂತ. ಫ್ಲ್ಯಾಶ್ ಬಿದ್ದರೆ ಅದು ಹೊಳೆದು, ನಿಮ್ಮ ಸಾಧು ಎಮ್ಮೆ ದೆವ್ವದ ಹಾಗೆ ಕಾಣುತ್ತದೆ.

ಇನ್ನು ಅತ್ತೆಯವರು. ‘ಅತ್ತೆ, ಇಲ್ಲಿ ನೋಡಿ’ ಅಂತೀರಿ ಅಲ್ವಾ? ಅದೇ ತೊಂದರೆ. ಸ್ಟುಡಿಯೋದಲ್ಲಿ ಉಸಿರು ಬಿಗಿಹಿಡಿದು ನಿಂತವರಿಗೆ ಫೋಟೋ ಅಂದರೆ ಹಾಗೇ ಇರಬೇಕು. ಅಂಥದ್ದೂ ಒಂದು ತೆಗೆದುಕೊಡಿ, ಅವರಿಗೆ ಒಪ್ಪುವ ಸೀರೆಯಲ್ಲಿ. ಅದು ಅವರ ಫೋಟೋ. ನಿಮಗೆ ಬೇಕಾದದ್ದಕ್ಕೆ ಅವರ ಕೈಗೆ ಕೆಲಸ ಬರುವ ತನಕ ಕಾಯಿರಿ. ಹಾಲು ಕರೆಯುವಾಗ ಹಣೆ ಎಮ್ಮೆಯ ಪಕ್ಕೆಗೆ ತಾಗಿರುತ್ತದಾ? ಹೆಬ್ಬೆರಳು ಮಡಚಿ ಕರೆಯುತ್ತಾರಾ, ಇಡೀ ಮುಷ್ಟಿಯಲ್ಲಾ? ಆ ಕೈ ತೆಗೆಯಿರಿ. ಮುಖ ಇಲ್ಲದಿದ್ದರೂ ಯಾರ ಕೈ ಅಂತ ಮನೆಯವರಿಗೆಲ್ಲ ಗೊತ್ತಾಗುತ್ತದೆ. ತೆಗೆದದ್ದನ್ನು ಮೊದಲು ಅವರಿಗೇ ತೋರಿಸಿ. ಬೇಡ ಅಂದರೆ ಅಳಿಸಿ, ವಾದ ಬೇಡ.

ಮೊದಲ ಕೆಲವು ದಿನ ಮೊಬೈಲ್ ಹಿಡಿದು ಸುಮ್ನೆ ಕೂತಿರಿ. ಎಮ್ಮೆಗೂ ಅತ್ತೆಗೂ ಅಭ್ಯಾಸವಾಗಲಿ. ಕ್ಲಿಕ್ ಸದ್ದು ಆಫ್ ಮಾಡಿ. ಎಮ್ಮೆ ಬೆದರಿದರೆ ಮೈಯಲ್ಲಿ ಅಡ್ರಿನಲಿನ್ ಅನ್ನುವ ಗಾಬರಿಯ ಹಾರ್ಮೋನು ಏರುತ್ತದೆ, ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಹಾಲು ಬಿಡದೆ ಸತಾಯಿಸುತ್ತದೆ. ಆಮೇಲೆ ಅತ್ತೆ ನಿಮ್ಮ ಹವ್ಯಾಸದ ಬಗ್ಗೆ ಏನನ್ನುತ್ತಾರೋ ಅದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಹಿಂದಿನಿಂದಲೂ ಹೋಗಬೇಡಿ. ದನಗಳ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ನೇರ ಬೆನ್ನ ಹಿಂದೆ ಮಾತ್ರ ಕಾಣದು. ಅಲ್ಲಿಂದ ಸದ್ದಾದರೆ ಒದೆ ತಪ್ಪಿದ್ದಲ್ಲ.

ಪ್ರಶ್ನೆ: ಮಗಳು ಮೇಕೆಮರಿ ಜೊತೆ ಅಂಗಳದಲ್ಲಿ ಓಡುತ್ತಾಳೆ. ಹಳೆಯ ಕ್ಯಾಮೆರಾ ಇದೆ. ಇಬ್ಬರೂ ಮಸುಕು. ಕೋಳಿಗಳದ್ದೂ ತಲೆಯೇ ಅಲುಗಿರುತ್ತದೆ.

ಉತ್ತರ: ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ಕಣ್ಣು ತೆರೆದಿರುವ ಹೊತ್ತು, 1/500 ಸೆಕೆಂಡಿಗೆ ಇಡಿ, ಮರಿ ತೀರಾ ಚಿಮ್ಮುತ್ತಿದ್ದರೆ 1/1000. ಬೆಳಕು ಸಾಲದಿದ್ದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ ಏರಿಸಿ. ಚಿತ್ರ ಸ್ವಲ್ಪ ಕಾಳುಕಾಳಾಗುತ್ತದೆ, ಆಗಲಿ ಬಿಡಿ. ಮಂಡಿಯೂರಿ ಕೂರಿ. ನಿಂತು ತೆಗೆದರೆ ಮಗುವಿನ ನೆತ್ತಿ, ಮರಿಯ ಬೆನ್ನು ಅಷ್ಟೇ ಸಿಗುವುದು.

ಹತ್ತಿರ ಕೂತಾಗ ಮೇಕೆಯ ಕಣ್ಣು ನೋಡಿ. ಪಾಪೆ ಅಡ್ಡಕ್ಕೆ ಸೀಳಿದಂತಿದೆ. ತಲೆ ತಗ್ಗಿಸಿ ಮೇಯುವಾಗ ಆ ಗೀರು ಲಂಬವಾಗಬೇಕಿತ್ತು, ಆಗುವುದಿಲ್ಲ. ಕಣ್ಣುಗುಡ್ಡೆಯೇ ಗೂಡಿನೊಳಗೆ ತಿರುಗಿ ಗೀರನ್ನು ನೆಲಕ್ಕೆ ಸಮವಾಗಿ ಇಡುತ್ತದೆ. ಮೇಯುತ್ತಲೇ ದಿಗಂತದ ಮೇಲೆ ಕಾವಲು! ಇದನ್ನು ಸಂಶೋಧಕರು 2015ರಲ್ಲಿ ವಿವರಿಸಿದರು. ತಲೆ ಎತ್ತಿದಾಗ ಒಂದು, ತಗ್ಗಿಸಿದಾಗ ಒಂದು ತೆಗೆದು ಪಕ್ಕಪಕ್ಕ ಇಟ್ಟು ಮಗಳಿಗೆ ತೋರಿಸಿ. ಹಾಂ, ಕ್ಯಾಮೆರಾ ಪಟ್ಟಿ ಕುತ್ತಿಗೆಗೆ ಹಾಕಿಕೊಂಡಿರಿ. ನಮ್ಮನೆ ಮೇಕೆಗೆ ಅದೆಂದರೆ ಪ್ರಾಣ.

ಕೋಳಿ ನಡೆಯುವಾಗ ತಲೆ ಮುಂದಕ್ಕೆ ಚಿಮ್ಮುತ್ತದೆ. ಆಮೇಲೆ ಮೈ ಮುಂದೆ ಬರುವವರೆಗೆ ತಲೆ ಇದ್ದಲ್ಲೇ ನಿಂತಿರುತ್ತದೆ. ಸ್ವಲ್ಪ ಹೊತ್ತು ನೋಡಿದರೆ ತಾಳ ಸಿಗುತ್ತದೆ. ಆ ನಿಂತ ಗಳಿಗೆಗೆ ಒತ್ತಿ.

ಪ್ರಶ್ನೆ: ನಮ್ಮ ಸೂರಿನಡಿ ಹಕ್ಕಿ ಮರಿ ಮಾಡಿದೆ. ಹತ್ತಿರದಿಂದ ತೆಗೆಯಬಹುದಾ?

ಉತ್ತರ: ಬೇಡ. ಅಡ್ಡ ಬಂದ ಕಡ್ಡಿಯನ್ನೂ ಸರಿಸಬೇಡಿ, ಅದು ಗೂಡಿನ ಮರೆ. ಕಿಟಕಿಯೊಳಗಿಂದ, ದೂರದಿಂದ ಸಿಕ್ಕಷ್ಟು ಸಾಕು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಗೂಡಿಗೆ ಹೋಗದೆ ಎದುರು ತಂತಿಯ ಮೇಲೇ ಕೂತಿದೆಯಾ? ಹಾಗಾದರೆ ನೀವಿನ್ನೂ ಹತ್ತಿರವೇ ಇದ್ದೀರಿ, ಹಿಂದೆ ಸರಿಯಿರಿ.