ಶ್ವಾಸಕೋಶದಲ್ಲಿ ನೀರು ಅಂದರೆ ಯಾವ ನೀರು?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಏದುಸಿರು ಜಾಸ್ತಿಯಾಗಿ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು 'ಶ್ವಾಸಕೋಶದಲ್ಲಿ ನೀರು ತುಂಬಿದೆ' ಅಂದರು. ರಿಪೋರ್ಟಿನಲ್ಲಿ 'ಪ್ಲೂರಲ್ ಎಫ್ಯೂಷನ್' ಅಂತಿದೆ. ಸೂಜಿ ಹಾಕಿ ತೆಗೆದ ನೀರಿನ ರಿಪೋರ್ಟಿನಲ್ಲಿ 'ಎಕ್ಸುಡೇಟ್' ಅಂತ ಬರೆದಿದ್ದಾರೆ. ಅವತ್ತಿನಿಂದ ಅಮ್ಮ ಅಪ್ಪನಿಗೆ ಕುಡಿಯಲು ನೀರು ಕೊಡೋದನ್ನೇ ಕಡಿಮೆ ಮಾಡಿದ್ದಾರೆ. ಸರಿಯೇ?

ಉತ್ತರ: ಡಾಕ್ಟರು ಬೇಡ ಅಂದಿಲ್ಲದಿದ್ದರೆ ಅಪ್ಪನಿಗೆ ಮೊದಲು ನೀರು ಕೊಡಿ. ಹೃದಯ ಅಥವಾ ಕಿಡ್ನಿ ಸೋತವರಿಗೆ ದಿನಕ್ಕೆ ಇಷ್ಟೇ ಕುಡೀರಿ ಅಂತ ಲೆಕ್ಕ ಕೊಡುವುದುಂಟು. ಆ ಲೆಕ್ಕ ಡಾಕ್ಟರಿಂದ ಬರಬೇಕು. ಕುಡಿದ ನೀರು ದಾರಿ ತಪ್ಪಿ ಎದೆಯಲ್ಲಿ ಹೋಗಿ ನಿಲ್ಲುವುದಿಲ್ಲ.

ಹಾಗಂತ ಅಮ್ಮನನ್ನು ದೂರಬೇಡಿ. ಮೈಯೊಳಗೆ ತೆಳ್ಳಗೆ ಇರೋದಕ್ಕೆಲ್ಲ ನಾವು 'ನೀರು' ಅಂದುಬಿಡುತ್ತೇವೆ. ಅಳುವಾಗ ಬರೋದು ಕಣ್ಣೀರು. ಸುಟ್ಟ ಗುಳ್ಳೆಯಲ್ಲಿ ನೀರು, ಮಂಡಿಯಲ್ಲಿ ನೀರು, ಹೊಟ್ಟೆಯಲ್ಲಿ ನೀರು. ಹೆರಿಗೆಗೆ ಮುಂಚೆ ಹೋಗುವುದೂ ನೀರೇ. ಇವು ಯಾವುವೂ ಒಂದೇ ಅಲ್ಲ. ಆದರೂ ಹಾಗೆ ಹೇಳೋದು ಡಾಕ್ಟರುಗಳಿಗೂ ಸುಲಭ. ನಾನೂ ಹೇಳುತ್ತೇನೆ, ಆಮೇಲೆ ಅರ್ಧ ಗಂಟೆ ಬಿಡಿಸಿ ಹೇಳಬೇಕಾಗುತ್ತದೆ.

ಶ್ವಾಸಕೋಶಕ್ಕೆ ಹೊದ್ದಿಸಿದಂತೆ ಒಂದು ತೆಳು ಪೊರೆ ಇದೆ. ಪಕ್ಕೆಯ ಒಳಬದಿಗೆ ಇನ್ನೊಂದು. ನಡುವೆ ಒಂದೆರಡು ಚಮಚದಷ್ಟು ದ್ರವ ಎಲ್ಲರಿಗೂ ಇರುತ್ತದೆ. ಉಸಿರಾಡುವಾಗ ಪೊರೆಗಳು ಒಂದಕ್ಕೊಂದು ಉಜ್ಜದೆ ಜಾರಲು ಅದು ಬೇಕು. ಈ ದ್ರವ ಮಿತಿಮೀರಿ ಹೆಚ್ಚಿದರೆ ಪ್ಲೂರಲ್ ಎಫ್ಯೂಷನ್. ಅಂದರೆ ನಿಮ್ಮ ಅಪ್ಪನ ನೀರು ಶ್ವಾಸಕೋಶದ ಹೊರಗಿದೆ. ಒಳಗಿನ ಗಾಳಿಗೂಡುಗಳಲ್ಲೇ ತುಂಬಿಕೊಂಡರೆ ಅದು ಪಲ್ಮನರಿ ಎಡೀಮಾ, ಬೇರೆಯೇ ಕಾಯಿಲೆ. ಹೊರಗಿನದನ್ನು ಸೂಜಿ ಹಾಕಿ ತೆಗೆಯಬಹುದು, ಒಳಗಿನದನ್ನು ಹಾಗೆ ತೆಗೆಯಲು ಆಗಲ್ಲ. ಎರಡಕ್ಕೂ ನಮ್ಮಲ್ಲಿ ಒಂದೇ ಮಾತು! ಅದಕ್ಕೇ, ಯಾರಾದರೂ 'ಶ್ವಾಸಕೋಶದಲ್ಲಿ ನೀರು' ಅಂದರೆ 'ಒಳಗಾ, ಹೊರಗಾ?' ಅಂತ ಕೇಳಿ.

ಇನ್ನು ಎಕ್ಸುಡೇಟ್. ತೆಗೆದ ನೀರು ಸಣ್ಣ ಬಾಟಲಿಯಲ್ಲಿ ನನ್ನಂಥವರ ಲ್ಯಾಬಿಗೆ ಬರುತ್ತದೆ. ಮೊದಲು ಬೆಳಕಿಗೆ ಹಿಡಿದು ನೋಡುತ್ತೇವೆ. ಕೆಲವೊಮ್ಮೆ ತಿಳಿ ಹಳದಿ, ಬಾಟಲಿಯ ಆಚೆಗಿನ ಅಕ್ಷರ ಓದಬಹುದು. ಕೆಲವೊಮ್ಮೆ ಮಬ್ಬು, ಇಟ್ಟಲ್ಲೇ ಹೆಪ್ಪುಗಟ್ಟುತ್ತದೆ. ಹಾಲಿನಂತೆ ಬೆಳ್ಳಗಿದ್ದರೆ ಕೊಬ್ಬು ಹೊತ್ತ ದುಗ್ಧರಸ ಸೋರಿರಬಹುದು. ಗಟ್ಟಿಯಾಗಿದ್ದು ನಾತ ಹೊಡೆದರೆ ಕೀವು. ಕಣ್ಣನ್ನೇ ನಂಬಿ ಕೂರೋಕಾಗಲ್ಲ, ಆದ್ದರಿಂದ ಪ್ರೊಟೀನ್ ಅಳೆಯುತ್ತೇವೆ. ರಕ್ತದ ಪ್ರೊಟೀನಿನ ಅರ್ಧಕ್ಕಿಂತ ಜಾಸ್ತಿ ಇದ್ದರೆ ಎಕ್ಸುಡೇಟ್. 1972ರಿಂದ ಬಳಕೆಯಲ್ಲಿರುವ ಅಳತೆ ಇದು. ಜೊತೆಗೆ ಎಲ್‌ಡಿಎಚ್ ಅನ್ನೋ ಕಿಣ್ವವನ್ನೂ ನೋಡುತ್ತಾರೆ. ಎರಡೂ ಕಡಿಮೆ ಇದ್ದರೆ ಟ್ರಾನ್ಸುಡೇಟ್.

ಈ ಎರಡೂ ಪದಗಳ ಬೇರಿನಲ್ಲಿರೋದು ಲ್ಯಾಟಿನ್ನಿನ 'ಬೆವರು'. ಕನ್ನಡದಲ್ಲಿ ಕೆಲವರು ಎರಡಕ್ಕೂ 'ಸ್ರಾವ' ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಹಿಡಿಸಲ್ಲ. ನಮ್ಮಲ್ಲೇ 'ಬಸಿ', 'ಒಸರು' ಅಂತ ಎರಡು ಒಳ್ಳೆಯ ಮಾತುಗಳಿವೆ. ರಕ್ತನಾಳದಲ್ಲಿ ಒತ್ತಡ ಹೆಚ್ಚಿ, ಇಲ್ಲವೇ ರಕ್ತದಲ್ಲಿ ಪ್ರೊಟೀನ್ ಕುಸಿದು, ತೆಳು ನೀರಷ್ಟೇ ಬಸಿದು ಬಂದರೆ ಟ್ರಾನ್ಸುಡೇಟ್. ಹೃದಯ, ಲಿವರ್, ಕಿಡ್ನಿ ಸೋತಾಗ ಹೀಗಾಗುತ್ತದೆ. ಪೊರೆಯೇ ಕೆಟ್ಟು, ಪ್ರೊಟೀನ್ ಸಮೇತ ಒಸರಿದರೆ ಎಕ್ಸುಡೇಟ್. ಗಾಯ ಒಸರುತ್ತದೆ ಅಂತೀವಿ, ಬಸಿಯುತ್ತದೆ ಅನ್ನಲ್ಲ, ಅಲ್ವಾ? ನ್ಯುಮೋನಿಯಾ, ಕ್ಷಯ, ಕ್ಯಾನ್ಸರ್ ಇವೆಲ್ಲ ಒಸರಿಸುವ ಕಾಯಿಲೆಗಳು. ನಿಮ್ಮ ಅಪ್ಪನದು ಯಾವುದು ಅಂತ ಮುಂದಿನ ಪರೀಕ್ಷೆ ಹೇಳಬೇಕು. ನೀರು ತೆಗೆದ ಮೇಲೆ ಉಸಿರು ಹಗುರಾಯಿತು ಅಂತ ಪರೀಕ್ಷೆ ಅರ್ಧಕ್ಕೆ ಬಿಡಬೇಡಿ.

ಪ್ರಶ್ನೆ: ಕಫ ಪರೀಕ್ಷೆಗೆ ಕೊಟ್ಟ ಡಬ್ಬಿಯನ್ನು 'ಇದು ಬರೀ ಎಂಜಲು' ಅಂತ ವಾಪಸ್ ಕೊಟ್ಟರು. ಎರಡೂ ಬರೋದು ಬಾಯಿಂದಲೇ ತಾನೇ?

ಉತ್ತರ: ಬಾಗಿಲು ಒಂದೇ, ಹೊರಟ ಊರು ಬೇರೆ. ಉಗುಳು, ಜೊಲ್ಲು, ಎಂಜಲು ಮೂರೂ ಬಾಯಿಯ ಗ್ರಂಥಿಗಳ ಒಂದೇ ರಸ. ದಿನಕ್ಕೆ ಸುಮಾರು ಒಂದು ಲೀಟರ್ ಬರುತ್ತದೆ. ತಾನಾಗಿ ಸುರಿದರೆ ಜೊಲ್ಲು, ಬೇಕಂತ ಹೊರಹಾಕಿದರೆ ಉಗುಳು, ಯಾವುದಕ್ಕಾದರೂ ತಾಗಿದರೆ ಅದು ಎಂಜಲಾಯಿತು. ಸಿಂಬಳ ಮೂಗಿನದು. ಕಫ ಬರೋದು ಎದೆಯ ಗಾಳಿಕೊಳವೆಗಳಿಂದ, ಕೆಮ್ಮಿದರೆ ಮಾತ್ರ.

ಲ್ಯಾಬಿನವರಿಗೆ ಹೇಗೆ ಗೊತ್ತಾಗುತ್ತೆ ಅಂದರೆ, ಸೂಕ್ಷ್ಮದರ್ಶಕದಲ್ಲಿ ಕೆನ್ನೆಯ ಒಳಗೋಡೆಯ ಚಪ್ಪಟೆ ಜೀವಕೋಶಗಳು ತುಂಬಾ ಕಾಣುತ್ತವೆ. ಅಂಚು ಮಡಚಿದ ಕಾಗದದ ಚೂರುಗಳಂತೆ. ಅವೇ ತುಂಬಿದ್ದರೆ ಎದೆಯ ಸುದ್ದಿ ಅದರಲ್ಲಿ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಉದ್ದ ಉಸಿರೆಳೆದು, ಆಳದಿಂದ ಕೆಮ್ಮಿ ಕೊಡಿ.

ಪ್ರಶ್ನೆ: ಸೀರಮ್, ಪ್ಲಾಸ್ಮಾ ಎರಡೂ ಒಂದೇನಾ?

ಉತ್ತರ: ಅಲ್ಲ. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟಾಗ ಮೇಲೆ ಉಳಿಯುವ ಹಳದಿ ತಿಳಿ ಸೀರಮ್. ಹೆಪ್ಪುಗಟ್ಟದಂತೆ ಮದ್ದು ಹಾಕಿದ ಟ್ಯೂಬನ್ನು ಗರಗರ ತಿರುಗಿಸಿ ಕಣಗಳನ್ನು ತಳಕ್ಕೆ ಕೂರಿಸಿದರೆ ಮೇಲೆ ಉಳಿಯೋದು ಪ್ಲಾಸ್ಮಾ. ಹೆಪ್ಪುಗಟ್ಟಿಸುವ ಪ್ರೊಟೀನ್ ಪ್ಲಾಸ್ಮಾದಲ್ಲಿದೆ, ಸೀರಮ್‌ನಲ್ಲಿ ಖರ್ಚಾಗಿಹೋಗಿರುತ್ತದೆ. ಲ್ಯಾಟಿನ್ನಿನಲ್ಲಿ ಸೀರಮ್ ಅಂದರೆ ಹಾಲು ಗಟ್ಟಿಯಾದ ಮೇಲೆ ಬಿಡುವ ತಿಳಿ. ಕನ್ನಡದಲ್ಲೂ ಹಾಲಿಗೆ ಹೆಪ್ಪು, ರಕ್ತಕ್ಕೂ ಹೆಪ್ಪು.

ಪ್ರಶ್ನೆ: ಹುಳಿತೇಗು ಬಂದರೆ 'ಪಿತ್ತ' ಅಂತೀವಿ. ಪಿತ್ತಕೋಶದ ಪಿತ್ತ ಅದೇನಾ?

ಉತ್ತರ: ಸಾಮಾನ್ಯವಾಗಿ ಅಲ್ಲ. ಹುಳಿ ಜಠರದ ಆಮ್ಲದ್ದು. ಲಿವರ್ ಮಾಡುವ ಪಿತ್ತರಸ ಕಹಿ, ಬಣ್ಣ ಹಳದಿ ಹಸಿರು. ವಾಂತಿಯಾಗಿ ಆಗಿ ಹೊಟ್ಟೆ ಖಾಲಿಯಾದ ಮೇಲೆ ಕೊನೆಗೆ ಕಹಿ ನೀರು ಬರುತ್ತಲ್ಲ, ಅದು ಪಿತ್ತರಸ. ಆಯುರ್ವೇದದ ಪಿತ್ತ ಇನ್ನೂ ದೊಡ್ಡ ಮಾತು, ಅದು ಒಂದು ದ್ರವದ ಹೆಸರಷ್ಟೇ ಅಲ್ಲ. ಹಸುಗೂಸು ಹಸಿರು ವಾಂತಿ ಮಾಡಿದರೆ ಮಾತ್ರ ಈ ಚರ್ಚೆಯೆಲ್ಲ ಬಿಟ್ಟು ಆಸ್ಪತ್ರೆಗೆ ಓಡಿ. ಕರುಳು ಕಟ್ಟಿಕೊಂಡಿರಬಹುದು.