ಪೈಥಾನ್ ಗೊತ್ತು, ರಸ್ಟ್‌ನಲ್ಲಿ ಸಾಲು ಸಾಲಿಗೂ ಎರರ್: ಬಿಟ್ಟುಬಿಡಲಾ?

ಹಾವೇರಿಯಲ್ಲಿ ಬಿಸಿಎ ಕೊನೆ ವರ್ಷ, ಪೈಥಾನ್ ಭಾಷೆ ಸುಮಾರಾಗಿ ಗೊತ್ತು, ರಸ್ಟ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿ ಹತ್ತು ದಿನ ಆಯಿತು, ತೂಕವನ್ನು ದರದಿಂದ ಗುಣಿಸೋಕೂ ಬಿಡುತ್ತಿಲ್ಲ ಅಂತ ಬರೆದಿದ್ದೀರಿ. ಓದಿ ನಗು ಬಂತು, ಬೇಜಾರಾಗಬೇಡಿ. ನಾನೂ ಸರಿಯಾಗಿ ಅಲ್ಲೇ ಸಿಕ್ಕಿಬಿದ್ದವನು.

ಮೊದಲು ನಿಮ್ಮ ಎರರ್ ನೋಡೋಣ. ನಿಮ್ಮ ತೂಕ ಐ32, ಅಂದರೆ ಪೂರ್ಣಾಂಕ. ದರ ಎಫ್64, ಅಂದರೆ ದಶಮಾಂಶ ಇರುವ ಸಂಖ್ಯೆ. ಇಂಥ ಬಗೆಗಳಿಗೇ ಟೈಪ್ ಅನ್ನೋದು. ಪೈಥಾನ್ ಇವೆರಡನ್ನೂ ತಾನೇ ಹೊಂದಿಸಿಕೊಂಡು ಗುಣಿಸುತ್ತದೆ. ರಸ್ಟ್ ಒಪ್ಪುವುದಿಲ್ಲ. ಯಾವುದನ್ನು ಯಾವುದಕ್ಕೆ ಬದಲಿಸಬೇಕು ಅಂತ ನೀವೇ ಬರೆಯಬೇಕು. ತೂಕದ ಹೆಸರು ಬರೆದ ನಂತರ 'ಆ್ಯಸ್ ಎಫ್64' ಅಂತ ಹಾಕಿ, ಎರರ್ ಹೋಗುತ್ತದೆ.

ಆದರೆ ಪೈಥಾನ್ ಸಡಿಲ, ರಸ್ಟ್ ಬಿಗಿ ಅಂತ ನೀವು ಬರೆದದ್ದು ಪೂರ್ತಿ ಸರಿಯಲ್ಲ. ಪೈಥಾನ್‌ನಲ್ಲಿ "12" ಎಂಬ ಸ್ಟ್ರಿಂಗ್‌ಗೆ (ಅಂದರೆ ಬರೀ ಅಕ್ಷರಗಳ ಸಾಲಿಗೆ) 3 ಕೂಡಿಸಿ ನೋಡಿ, ಟೈಪ್ ಎರರ್ ಬರುತ್ತದೆ. ಅದೂ ಬಿಗಿಯೇ. ಆದರೆ ಪ್ರೋಗ್ರಾಂ ಓಡುತ್ತಾ ಆ ಸಾಲಿಗೆ ಬಂದಾಗ ಮಾತ್ರ ಬೈಯುತ್ತದೆ. ರಸ್ಟ್ ಓಡಿಸುವ ಮೊದಲೇ ಬೈಯುತ್ತದೆ. ನಿಜವಾಗಿ ಸಡಿಲ ಅಂದರೆ ವೆಬ್ ಪುಟಗಳ ಭಾಷೆ ಜಾವಾಸ್ಕ್ರಿಪ್ಟ್. ಅಲ್ಲಿ "12"ಕ್ಕೆ 3 ಕೂಡಿಸಿದರೆ "123", ಅದೇ "12"ರಲ್ಲಿ 3 ಕಳೆದರೆ 9!

ಇದು ನನಗೆ ಹೇಗೆ ಗೊತ್ತಾಯಿತು ಕೇಳಿ. ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಜಾವಾಸ್ಕ್ರಿಪ್ಟ್‌ನಲ್ಲಿ ಬಿಲ್ ಪುಟ ಬರೆದುಕೊಟ್ಟೆ. ಫಾರ್ಮ್‌ನಲ್ಲಿ ಟೈಪ್ ಮಾಡಿದ್ದೆಲ್ಲ ಸ್ಟ್ರಿಂಗ್ ಆಗಿ ಬರುತ್ತದೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ಒಂದು ಚೀಲ 41 ಕೆಜಿ, ಇನ್ನೊಂದು 39. ಒಟ್ಟು 4139 ಅಂತ ಬಂತು. "ಎರಡ ಚೀಲದಾಗ ನಾಕ ಟನ್ ಮೆಣಸಿನಕಾಯಿ ಹೆಂಗ ತುಂಬಿದ್ರಿ?" ಅಂತ ಮಾಲೀಕರು ಕೇಳಿದರು. ಉತ್ತರ ಇರಲಿಲ್ಲ.

ಅದನ್ನು ಸರಿ ಮಾಡಿದೆ. ಮುಂದಿನ ತಪ್ಪು ಅದಕ್ಕಿಂತ ದೊಡ್ಡದು. ದರ ಕ್ವಿಂಟಲ್‌ಗೆ 20,000. ತೂಕ 80 ಕೆಜಿ. ಎರಡನ್ನೂ ನೇರ ಗುಣಿಸಿದೆ. 16 ಸಾವಿರದ ಬಿಲ್ 16 ಲಕ್ಷ ಆಯಿತು. ಗಮನಿಸಿ, ಈ ತಪ್ಪನ್ನು ರಸ್ಟ್ ಕೂಡ ಹಿಡಿಯುವುದಿಲ್ಲ! ಎರಡೂ ಎಫ್64 ಆಗಿದ್ದರೆ ಅದರ ಪಾಲಿಗೆ ಎರಡೂ ಬರೀ ಸಂಖ್ಯೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದೂ ಇಂಥದ್ದೇ ಗೊಂದಲದಿಂದ. ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ಇನ್ನೊಂದು ಕಡೆ ಅದನ್ನು ನ್ಯೂಟನ್ ಅಂದುಕೊಂಡಿತು.

ಹಾಗಾಗಿ ಟೈಪ್ ಕಲಿಯೋದು ಅಂದರೆ ಐ32, ಎಫ್64, ಬೂಲ್ ಪಟ್ಟಿ ಬಾಯಿಪಾಠ ಮಾಡೋದಲ್ಲ. ನಿಮ್ಮದೇ ಟೈಪ್ ಮಾಡಲು ಇವತ್ತೇ ಕಲಿಯಿರಿ. ಕೆಜಿ ಅಂತ ಒಂದು ಸ್ಟ್ರಕ್ಟ್ (ನಾವೇ ಹೆಸರಿಟ್ಟು ಮಾಡಿಕೊಳ್ಳುವ ಟೈಪ್), ಕ್ವಿಂಟಲ್ ಅಂತ ಇನ್ನೊಂದು. ಎರಡರ ಒಳಗೂ ಒಂದೊಂದು ಎಫ್64, ಅಷ್ಟೇ. ಬಿಲ್ ಮಾಡುವ ಫಂಕ್ಷನ್ ಕ್ವಿಂಟಲ್ ಮಾತ್ರ ತೆಗೆದುಕೊಳ್ಳಲಿ. ನೂರರಿಂದ ಭಾಗಿಸುವುದು ಒಂದೇ ಕಡೆ ಇರಲಿ. ಈಗ ಮರೆತು ಕೆಜಿ ಕೊಟ್ಟರೆ ಇ0308 ಎಂಬ ಎರರ್ ಬರುತ್ತದೆ, 'ಮಿಸ್‌ಮ್ಯಾಚ್ಡ್ ಟೈಪ್ಸ್', ಅಂದರೆ ಟೈಪ್ ಹೊಂದುತ್ತಿಲ್ಲ ಅಂತ. ಕ್ವಿಂಟಲ್ ಬೇಕಿತ್ತು, ಕೆಜಿ ಸಿಕ್ಕಿತು ಅಂತ ಸಾಲು ಸಮೇತ ತೋರಿಸುತ್ತದೆ. ನೀವು ಬೈಯುತ್ತಿರುವುದೂ ಇಂಥದ್ದೇ ಎರರ್‌ಗೆ ಅಲ್ವಾ? ನನ್ನ 16 ಲಕ್ಷದ ಬಿಲ್ ತಡೆಯುತ್ತಿದ್ದದ್ದೂ ಇದೇ.

ಆಮೇಲೆ ಈನಮ್, ಅಂದರೆ ಇಂತಿಷ್ಟೇ ಆಯ್ಕೆಗಳಲ್ಲಿ ಒಂದು ಅಂತ ಹೇಳುವ ಟೈಪ್. ಮೆಣಸಿನಕಾಯಿ ತಳಿಯನ್ನು ಸ್ಟ್ರಿಂಗ್ ಆಗಿ ಇಟ್ಟರೆ ಒಬ್ಬರು 'ಡಬ್ಬಿ' ಅಂತಾರೆ, ಇನ್ನೊಬ್ಬರು 'ಡಬ್ಬೀ' ಅಂತಾರೆ, ಲೆಕ್ಕ ಎರಡಾಗುತ್ತದೆ. ಡಬ್ಬಿ, ಕಡ್ಡಿ, ಗುಂಟೂರು ಅಂತ ಮೂರು ಆಯ್ಕೆಯ ಈನಮ್ ಮಾಡಿ, ಒಂದೊಂದು ಆಯ್ಕೆಗೂ ಏನು ಮಾಡಬೇಕು ಅಂತ ಮ್ಯಾಚ್‌ನಲ್ಲಿ ಬರೆಯಿರಿ. ನಾಳೆ ನಾಲ್ಕನೇ ತಳಿ ಸೇರಿಸಿದರೆ, ಅದನ್ನು ಮರೆತ ಪ್ರತಿ ಮ್ಯಾಚ್ ಅನ್ನೂ ಕಂಪೈಲರ್ (ಓಡಿಸುವ ಮೊದಲೇ ಕೋಡ್ ಪರೀಕ್ಷಿಸುವ ರಸ್ಟ್‌ನ ಪ್ರೋಗ್ರಾಂ) ಹುಡುಕಿ ಕೊಡುತ್ತದೆ. 'ಉಳಿದದ್ದೆಲ್ಲ' ಅಂತ ಅಂಡರ್‌ಸ್ಕೋರ್ ಹಾಕಿದ್ದರೆ ಮಾತ್ರ ಈ ಲಾಭ ಇಲ್ಲ.

ದುಡ್ಡನ್ನು ಎಫ್64ರಲ್ಲಿ ಇಡಬೇಡಿ, 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ಪೈಸೆಯಲ್ಲಿ ಇಡಿ, ಅದೂ ಐ64ರಲ್ಲಿ, ಅಂದರೆ ಇನ್ನೂ ದೊಡ್ಡ ಪೂರ್ಣಾಂಕದಲ್ಲಿ. ಐ32ರ ಮಿತಿ 2,14,74,83,647. ಪೈಸೆ ಅಂದುಕೊಂಡರೆ ಸುಮಾರು 2.14 ಕೋಟಿ ರೂಪಾಯಿ. ಸೀಸನ್‌ನಲ್ಲಿ ಬ್ಯಾಡಗಿ ಮಾರ್ಕೆಟ್‌ನ ಒಂದು ದಿನದ ಲೆಕ್ಕಕ್ಕೂ ಅದು ಸಾಲದು.

ಯಾವ ಮೌಲ್ಯ ಯಾರ ಕೈಯಲ್ಲಿದೆ ಅನ್ನೋ ರಸ್ಟ್‌ನ ನಿಯಮಗಳು, ಓನರ್‌ಶಿಪ್, ಬಾರೋಯಿಂಗ್ ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕೆಜಿ ಸ್ಟ್ರಕ್ಟ್ ಮೇಲೆ ಡಿರೈವ್‌ನಲ್ಲಿ ಕ್ಲೋನ್, ಕಾಪಿ ಎರಡನ್ನೂ ಬರೆಯಿರಿ, ಆಗ ಅದರ ನಕಲು ಮಾಡಬಹುದು. ಸ್ಟ್ರಿಂಗ್ ಕೈತಪ್ಪಿ ಹೋಯಿತು ಅಂತ ರಸ್ಟ್ ಬೈದರೆ ಸುಮ್ನೆ ಕ್ಲೋನ್ ಮಾಡಿ. ಕಲಿಯುವಾಗ ನಡೆಯುತ್ತದೆ. ಒಳ್ಳೆ ಲ್ಯಾಪ್‌ಟಾಪ್ ಇಲ್ಲ ಅಂದಿದ್ದೀರಿ, ರಸ್ಟ್ ಪ್ಲೇಗ್ರೌಂಡ್ ಎಂಬ ತಾಣವನ್ನು ಬ್ರೌಸರ್‌ನಲ್ಲೇ ಬಳಸಬಹುದು. ನಾನು ಜಾಸ್ತಿ ಕಲಿತದ್ದು ಧಾರವಾಡದಿಂದ ಹುಬ್ಬಳ್ಳಿಗೆ ಬರುವ ಚಿಗರಿ ಬಸ್ಸಿನಲ್ಲಿ, ಫೋನ್‌ನಲ್ಲೇ.

ನೀವು ಕೇಳಿದ ಇನ್ನೊಂದು ಮಾತು, ಕನ್ನಡದಲ್ಲಿ ಬರೆಯಬಹುದಾ ಅಂತ. 2021ರ 1.53 ಆವೃತ್ತಿಯಿಂದ ವೇರಿಯಬಲ್, ಸ್ಟ್ರಕ್ಟ್ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಅಂಕಿ ಮಾತ್ರ ಹುಷಾರು. "೪೧" ಅಂತ ಕೊಟ್ಟರೆ, ಸ್ಟ್ರಿಂಗನ್ನು ಸಂಖ್ಯೆ ಮಾಡುವ ಪೈಥಾನ್‌ನ 'ಇಂಟ್' ಅದನ್ನು 41 ಅಂತ ಓದುತ್ತದೆ, ಅದೇ ಕೆಲಸದ ರಸ್ಟ್‌ನ 'ಪಾರ್ಸ್' ಮಾತ್ರ ಎರರ್ ಕೊಡುತ್ತದೆ. ಇನ್ನೊಂದು, 'ಮಾರ್ಕೆಟ್‌ದರ' ಅಂತ ಹೆಸರಿಟ್ಟರೆ ಟ್ ಮತ್ತು ದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಒತ್ತಕ್ಷರ ಆಗದಂತೆ ತಡೆಯುವುದು ಅದೇ. ಹೆಸರಿನೊಳಗೆ ಅದನ್ನು ರಸ್ಟ್ ಬಿಡುವುದಿಲ್ಲ. ಸಾಲು ಸರಿಯಾಗೇ ಕಾಣುತ್ತದೆ, ಎರರ್ ಹೋಗುವುದಿಲ್ಲ. ನನ್ನ ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯಿತು, ಕೊನೆಗೆ 'ದರ' ಅಂತಷ್ಟೇ ಇಟ್ಟುಕೊಂಡೆ.