ಪೆಡಲ್ ಕೊಳ್ಳುವ ಮುನ್ನ ಬೂಟಿನ ಅಡಿ ನೋಡಿ

ಸೈಕಲ್ ಅಂಕಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬೆಳಗಾವಿಯ ಟಿಳಕವಾಡಿಯವನು. ಕಳೆದ ವರ್ಷ ಮೌಂಟನ್ ಬೈಕ್ ಕೊಂಡಿದ್ದೇನೆ. ಭಾನುವಾರಗಳಂದು ಯಳ್ಳೂರಿನ ರಾಜಹಂಸಗಡದ ಕಡೆಗೂ ಜಾಂಬೋಟಿ ರಸ್ತೆಯ ಆಚೀಚಿನ ಮಣ್ಣಿನ ದಾರಿಗಳಿಗೂ ಹೋಗುತ್ತೇನೆ. ಸೈಕಲ್ಲಿನ ಜೊತೆಗೇ ಬಂದ ಪ್ಲಾಸ್ಟಿಕ್ ಪೆಡಲ್ ಒದ್ದೆಯಾದರೆ ಸಾಕು, ಕಾಲು ಜಾರುತ್ತದೆ. ಮೊನ್ನೆ ಮಳೆಯಲ್ಲಿ ಇಳಿಜಾರು ಇಳಿಯುವಾಗ ಕಾಲು ತಪ್ಪಿ, ಪೆಡಲ್ ತಿರುಗಿ ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿದು ಗಾಯವಾಯಿತು. ಗೆಳೆಯರಲ್ಲಿ ಕೆಲವರು ಬೂಟು ಕಚ್ಚಿಕೊಳ್ಳುವ ಕ್ಲಿಪ್ ಪೆಡಲ್ ಹಾಕಿಸು ಎನ್ನುತ್ತಾರೆ, ಕೆಲವರು ಬೂಟು ಕಚ್ಚಿಕೊಳ್ಳದ, ಸಣ್ಣ ಮೊಳೆಯಂಥ ಪಿನ್ ಇರುವ ಸಪಾಟಾದ ಫ್ಲ್ಯಾಟ್ ಪೆಡಲ್ ಸಾಕು ಎನ್ನುತ್ತಾರೆ. ಫ್ಲ್ಯಾಟ್ ಪೆಡಲಿನಲ್ಲೇ ಹತ್ತಾರು ಬಗೆಗಳಿವೆ. ಯಾವುದನ್ನು ನೋಡಿ ಆರಿಸಬೇಕು?

ಉತ್ತರ: ಮೊದಲು ಗಾಯದ ಮಾತು. ಪೆಡಲ್ ಬಡಿದ ಗಾಯದೊಳಗೆ ಮಣ್ಣು ಸೇರಿರುತ್ತದೆ. ಆದ್ದರಿಂದ ಅದನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದಿರಬೇಕು. ಧನುರ್ವಾಯುವಿನ ಚುಚ್ಚುಮದ್ದು ಹಿಂದೆ ಯಾವಾಗ ತೆಗೆದುಕೊಂಡಿರಿ ಎಂಬುದು ನೆನಪಿಲ್ಲದಿದ್ದರೆ ಈಗಲೇ ವೈದ್ಯರನ್ನು ಕಾಣಿರಿ. ಪಿನ್ ಇರುವ ಪೆಡಲ್ ಹಾಕಿಸಿದ ಮೇಲೆ ಇಂಥ ಪೆಟ್ಟು ಬೀಳುವುದು ಕಡಿಮೆಯಾಗುತ್ತದೆ, ಆದರೆ ಬಿದ್ದಾಗ ಗಾಯ ಇನ್ನೂ ಆಳವಾಗಿರುತ್ತದೆ. ಕಾಲು ಪೆಡಲಿಗೆ ಹೊಂದಿಕೊಳ್ಳುವವರೆಗೆ ಮೊದಲ ಒಂದೆರಡು ತಿಂಗಳು ಫುಟ್‌ಬಾಲ್ ಆಟಗಾರರ ಶಿನ್ ಗಾರ್ಡ್ ಕಟ್ಟಿಕೊಂಡು ಹೋಗುವುದು ಒಳ್ಳೆಯದು.

ನಿಮ್ಮ ಪತ್ರದಲ್ಲಿ ಎಲ್ಲವೂ ಇದೆ, ಕಾಲಿಗೆ ಏನು ಹಾಕಿಕೊಂಡು ಹೋಗುತ್ತೀರಿ ಎಂಬುದೊಂದು ಮಾತ್ರ ಇಲ್ಲ. ಈ ಅಂಕಣಕ್ಕೆ ಪೆಡಲ್ ಜಾರುತ್ತದೆ ಎಂದು ಬರೆಯುವ ಬಹುತೇಕ ಓದುಗರು ಇದನ್ನು ಬರೆಯುವುದಿಲ್ಲ. ನಾನು ಮೊದಲು ಕೇಳುವುದೂ ಇದನ್ನೇ. ಫ್ಲ್ಯಾಟ್ ಪೆಡಲಿನ ಹಿಡಿತವೆಂಬುದು ಪೆಡಲಿನಲ್ಲಿ ಮಾತ್ರ ಇರುವ ಗುಣವಲ್ಲ. ಉಕ್ಕಿನ ಪಿನ್ ಮೆತ್ತನೆಯ ರಬ್ಬರಿನೊಳಗೆ ಇಳಿದು ನಿಂತಾಗ ಮಾತ್ರ ಹಿಡಿತ ಹುಟ್ಟುತ್ತದೆ. ಓಟದ ಬೂಟಿನ ಅಡಿಯಲ್ಲಿ ಫೋಮ್ ಹೆಚ್ಚು, ರಬ್ಬರ್ ಕಡಿಮೆ. ಅದರ ಉಬ್ಬು ತಗ್ಗುಗಳ ನಡುವೆ ಪಿನ್ ಒಮ್ಮೆ ಸಿಗುತ್ತದೆ, ಒಮ್ಮೆ ತಪ್ಪುತ್ತದೆ, ಮೇಲಾಗಿ ಅಡಿ ತೀರ ಬಳುಕುವುದರಿಂದ ಒಂದು ಗಂಟೆಯ ಸವಾರಿಯಲ್ಲೇ ಅಂಗಾಲು ಸೋಲುತ್ತದೆ. ಚಾರಣದ ಬೂಟಿನ ದಪ್ಪ ಹಲ್ಲುಗಳು ನೆಲದ ಮೇಲೆ ಗಟ್ಟಿ, ಪೆಡಲಿನ ಮೇಲೆ ನಿರುಪಯೋಗಿ; ಏಕೆಂದರೆ ಆ ಗಡಸು ರಬ್ಬರಿನೊಳಗೆ ಪಿನ್ ಇಳಿಯುವುದೇ ಇಲ್ಲ. ಬೇಕಾದದ್ದು ಸಪಾಟಾದ, ಮೆತ್ತನೆಯ ರಬ್ಬರಿನ, ಆದರೆ ಸುಲಭವಾಗಿ ಮಡಚದ ಅಡಿ. ಹೆಬ್ಬೆರಳ ಉಗುರನ್ನು ಬೂಟಿನ ಅಡಿಗೆ ಒತ್ತಿ ನೋಡಿರಿ: ಗುರುತು ಬಿದ್ದು ನಿಧಾನವಾಗಿ ಮಾಯವಾದರೆ ಆ ರಬ್ಬರ್ ಕೆಲಸಕ್ಕೆ ಬರುತ್ತದೆ, ಉಗುರೇ ಜಾರಿದರೆ ಪಿನ್ನೂ ಜಾರುತ್ತದೆ.

ಫ್ಲ್ಯಾಟ್ ಪೆಡಲಿಗೆಂದೇ ಮಾಡಿದ ಬೂಟುಗಳು ದುಬಾರಿ ಎಂಬುದು ನನಗೆ ಗೊತ್ತಿದೆ. ಅವುಗಳನ್ನು ಕೊಳ್ಳಲು ಆಗದವರಿಗೆ ನಾನು ಹೇಳುವುದು ಗಮ್ ರಬ್ಬರಿನ ಅಡಿಯಿರುವ ಬ್ಯಾಡ್ಮಿಂಟನ್ ಬೂಟು. ಪಿನ್ನುಗಳು ಅದನ್ನು ಬೇಗ ಸವೆಸುತ್ತವೆ, ಮಳೆಯಲ್ಲಿ ಅದು ತೊಯ್ದು ತೊಪ್ಪೆಯಾಗುತ್ತದೆ, ಕಲ್ಲು ತಾಗಿದರೆ ಬೆರಳಿಗೆ ರಕ್ಷಣೆ ಇಲ್ಲ. ಇಷ್ಟೆಲ್ಲ ಕೊರತೆಗಳಿದ್ದರೂ ಹಿಡಿತದ ವಿಷಯದಲ್ಲಿ ಅದು ಓಟದ ಬೂಟಿಗಿಂತ ಎಷ್ಟೋ ಮೇಲು. ನಿಮ್ಮಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ, ದುಬಾರಿ ಪೆಡಲಿಗೆ ಹಳೆಯ ಬೂಟು ಜೊತೆ ಮಾಡುವ ಬದಲು, ಸಾಧಾರಣ ಪೆಡಲಿಗೆ ಒಳ್ಳೆಯ ಬೂಟು ಜೊತೆ ಮಾಡಿರಿ.

ಇನ್ನು ಪೆಡಲ್. ನಿಮ್ಮ ಈಗಿನ ಪೆಡಲಿನಲ್ಲಿ ಇರುವುದು ಪಿನ್ ಅಲ್ಲ, ಅಚ್ಚಿನಲ್ಲೇ ಎರಕವಾದ ಪ್ಲಾಸ್ಟಿಕ್ ಹಲ್ಲು. ಒದ್ದೆ ರಬ್ಬರಿಗೂ ಒದ್ದೆ ಪ್ಲಾಸ್ಟಿಕ್ಕಿಗೂ ನಡುವೆ ತೆಳುವಾದ ಕೆಸರು ಸೇರಿದರೆ ಹಿಡಿತ ಉಳಿಯುವುದಿಲ್ಲ. ಒಳ್ಳೆಯ ಫ್ಲ್ಯಾಟ್ ಪೆಡಲಿನ ಒಂದೊಂದು ಮುಖದಲ್ಲಿ ಸಾಮಾನ್ಯವಾಗಿ 8ರಿಂದ 12 ಉಕ್ಕಿನ ಪಿನ್‌ಗಳಿರುತ್ತವೆ, ಅವು 3ರಿಂದ 5 ಮಿಲಿಮೀಟರ್ ಎದ್ದು ನಿಂತಿರುತ್ತವೆ. ಎಣಿಕೆಗಿಂತ ಅವು ಎಲ್ಲಿವೆ ಎಂಬುದು ಮುಖ್ಯ. ಮುಂದಿನ ಮತ್ತು ಹಿಂದಿನ ಅಂಚಿನ ಪಿನ್‌ಗಳೇ ಪಾದವನ್ನು ಹಿಡಿಯುತ್ತವೆ. ನಡುವಿನ ಆಕ್ಸಲಿನ, ಅಂದರೆ ಪೆಡಲ್ ತಿರುಗುವ ಸರಳಿನ ಮೇಲೂ ಅಷ್ಟೇ ಎತ್ತರದ ಪಿನ್‌ಗಳಿದ್ದರೆ ಅವು ಬೂಟನ್ನು ಮೇಲಕ್ಕೆತ್ತಿ ಹಿಡಿದು, ಅಂಚಿನವು ಪೂರ್ತಿ ಇಳಿಯದಂತೆ ಮಾಡುತ್ತವೆ. ಇದೇ ಕಾರಣಕ್ಕೆ ಪೆಡಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬದಿಯಿಂದ ನೋಡಬೇಕು. ನಡು ತುಸು ತಗ್ಗಾಗಿ ಎರಡೂ ಅಂಚು ಎದ್ದಿದ್ದರೆ ಪಾದ ಅದರೊಳಗೆ ಕುಳಿತಂತಾಗುತ್ತದೆ; ನಡುವೆ ಉಬ್ಬಿದ್ದರೆ ಪಾದ ಉಬ್ಬಿನ ಮೇಲೆ ನಿಂತು ಆಚೀಚೆ ಹೊರಳುತ್ತದೆ. ಅಂಗಡಿಯವರು ಪಿನ್‌ಗಳ ಎಣಿಕೆಯನ್ನು ಹೇಳುತ್ತಾರೆ, ಈ ತಗ್ಗನ್ನು ನೀವೇ ನೋಡಿಕೊಳ್ಳಬೇಕಾಗುತ್ತದೆ.

ಪಿನ್ ಕೂರಿಸಿದ ಬಗೆಯನ್ನೂ ಗಮನಿಸಿರಿ. ಕೆಲವು ಪಿನ್‌ಗಳನ್ನು ಮೇಲಿನಿಂದಲೇ ಸಣ್ಣ ಅಲೆನ್ ಕೀಯಿಂದ ತಿರುಗಿಸಿ ಕೂರಿಸಿರುತ್ತಾರೆ. ಕಲ್ಲಿಗೆ ಬಡಿದು ಅದರ ತಲೆ ಜಜ್ಜಿತೆಂದರೆ ಕೀ ಒಳಗೆ ಹೋಗುವುದಿಲ್ಲ, ಪಿನ್ ಹೊರಗೆ ಬರುವುದಿಲ್ಲ. ಇನ್ನು ಕೆಲವನ್ನು ಎದುರು ಮುಖದಿಂದ ಬೋಲ್ಟಿನಂತೆ ತೂರಿಸಿರುತ್ತಾರೆ. ತುದಿ ಬಾಗಿದರೂ ಬುಡದ ಕಡೆಯಿಂದ ತಿರುಗಿಸಿ ತೆಗೆಯಬಹುದು. ನಮ್ಮ ಭಾಗದ ಜಂಬಿಟ್ಟಿಗೆ ಕಲ್ಲಿನ ದಾರಿಗಳಲ್ಲಿ ಪಿನ್ ಬಾಗದೆ ಇರುವುದಿಲ್ಲವಾದ್ದರಿಂದ ನಾನು ಎರಡನೆಯ ಬಗೆಯನ್ನೇ ಆರಿಸುತ್ತೇನೆ. ಹೆಚ್ಚುವರಿ ಪಿನ್‌ಗಳು ಪೆಟ್ಟಿಗೆಯಲ್ಲೇ ಇವೆಯೇ ಎಂದು ಕೇಳಿ ಪಡೆಯಿರಿ.

ಅಳತೆಯನ್ನು ಪಾದಕ್ಕೆ ತಕ್ಕಂತೆ ನೋಡಬೇಕು. ಉದ್ದಗಲ ಸುಮಾರು 100 ಮಿಲಿಮೀಟರ್ ಇರುವ ಪೆಡಲ್ ಬಹಳ ಜನರಿಗೆ ಸಾಕಾಗುತ್ತದೆ. ಕ್ರ್ಯಾಂಕ್‌ಬ್ರದರ್ಸ್ ಕಂಪನಿಯ ಸ್ಟ್ಯಾಂಪ್ ಪೆಡಲ್ ಎರಡು ಅಳತೆಗಳಲ್ಲಿ ಬರುತ್ತದೆ. ಅದರಲ್ಲಿ ಚಿಕ್ಕದು ಯುರೋಪಿನ ಅಳತೆಯ 37ರಿಂದ 43ರವರೆಗಿನ ಬೂಟುಗಳಿಗೆ, ದೊಡ್ಡದು ಅದಕ್ಕಿಂತ ದೊಡ್ಡ ಬೂಟುಗಳಿಗೆ. ನಮ್ಮಲ್ಲಿ 7, 8, 9ನೆಯ ನಂಬರಿನ ಬೂಟು ಹಾಕುವವರು ಈ ಚಿಕ್ಕ ಅಳತೆಯೊಳಗೇ ಬರುತ್ತಾರೆ. ಬೇಡದಷ್ಟು ಅಗಲವಾದ ಪೆಡಲ್ ಇಕ್ಕಟ್ಟಾದ ದಾರಿಯಲ್ಲಿ ಬದಿಯ ಕಲ್ಲಿಗೂ ಬೇರಿಗೂ ತಾಗುತ್ತದೆ. ದಪ್ಪ ಕಡಿಮೆಯಿದ್ದಷ್ಟೂ ನೆಲದಿಂದ ಅಂತರ ಹೆಚ್ಚುತ್ತದೆ, ಪಾದವೂ ಆಕ್ಸಲಿಗೆ ಹತ್ತಿರವಾಗಿ ಪೆಡಲ್ ಮಗುಚುವುದು ಕಡಿಮೆಯಾಗುತ್ತದೆ. ಮುಂದಿನ ಅಂಚನ್ನು ಇಳಿಜಾರಾಗಿ ಕಡಿದಿದ್ದರೆ ಕಲ್ಲು ತಾಗಿದಾಗ ಪೆಡಲ್ ಸಿಕ್ಕಿಬೀಳದೆ ಮೇಲೆ ಹಾಯ್ದು ಹೋಗುತ್ತದೆ.

ಅಲ್ಯೂಮಿನಿಯಮ್ಮೋ ನೈಲಾನೋ ಎಂದು ಬಹಳ ಚರ್ಚೆ ನಡೆಯುತ್ತದೆ. ಉಕ್ಕಿನ ಪಿನ್ ಕೂರಿಸಿದ ಗಟ್ಟಿ ನೈಲಾನ್ ಪೆಡಲ್ ನಿಮ್ಮ ಈಗಿನ ಪ್ಲಾಸ್ಟಿಕ್ ಪೆಡಲಿನ ಜಾತಿಯದಲ್ಲ, ದಯವಿಟ್ಟು ಹೆಸರು ಕೇಳಿ ಬೇಡವೆನ್ನಬೇಡಿರಿ. ಅದು ಅಗ್ಗ, ಹಗುರ, ಕಲ್ಲಿಗೆ ತಾಗಿದರೆ ಜಾರಿಕೊಂಡು ಹೋಗುತ್ತದೆ. ಅಲ್ಯೂಮಿನಿಯಂ ಅದೇ ಕಲ್ಲನ್ನು ಕಚ್ಚಿಕೊಳ್ಳುತ್ತದೆ, ಆದರೆ ತೆಳುವಾಗಿ ಮಾಡಬಹುದು ಮತ್ತು ವರ್ಷಗಟ್ಟಲೆ ಬಾಳುತ್ತದೆ. ಒಂದು ವರ್ಷದ ಸವಾರಿಯ ಅನುಭವವಿರುವ ನಿಮಗೆ ಒಳ್ಳೆಯ ನೈಲಾನ್ ಪೆಡಲ್ ಸಾಕು ಎಂಬುದು ನನ್ನ ಅಭಿಪ್ರಾಯ. ಒಡಲು ಆದಷ್ಟು ತೆರವಾಗಿರಲಿ. ಬೆಳಗಾವಿ, ಖಾನಾಪುರ ಕಡೆಯ ಕೆಮ್ಮಣ್ಣಿನ ಕೆಸರು ತೆರಪಿನಿಂದ ಕೆಳಗೆ ಉದುರುತ್ತದೆ. ವಿಜಯಪುರದ ಎರೆ ಮಣ್ಣಿನ ಮಾತು ಬೇರೆ. ಅದು ತೊಯ್ದಾಗ ಯಾವ ಪೆಡಲನ್ನೂ ಬಿಡುವುದಿಲ್ಲ, ಟೈರನ್ನೇ ತಿರುಗಗೊಡುವುದಿಲ್ಲ.

ಕ್ಲಿಪ್ ಪೆಡಲ್ ಕೆಟ್ಟದ್ದಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕಲ್ ಪಟುಗಳು ರಸ್ತೆ ಮತ್ತು ಟ್ರ್ಯಾಕ್ ಸ್ಪರ್ಧೆಗಳಲ್ಲಿ ಬೂಟನ್ನು ಪೆಡಲಿಗೆ ಬಿಗಿದೇ ತುಳಿಯುತ್ತಾರೆ, ಅಲ್ಲಿ ಅದೇ ಸರಿ. ಆದರೆ ಜಾರುವ ಕೆಸರಿನ ಇಳಿಜಾರಿನಲ್ಲಿ ಕಾಲನ್ನು ತಟ್ಟನೆ ನೆಲಕ್ಕೆ ಊರುವ ಅಭ್ಯಾಸ ಮೊದಲು ಬರಬೇಕು. ಫ್ಲ್ಯಾಟ್ ಪೆಡಲೆಂದರೆ ಕಲಿಯುವವರದು ಎಂಬ ಮಾತನ್ನು ನಂಬಬೇಡಿರಿ. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ 2017, 2018 ಮತ್ತು 2019ರಲ್ಲಿ ಸತತವಾಗಿ ಎಂಡ್ಯೂರೊ ವರ್ಲ್ಡ್ ಸೀರೀಸ್ ಎಂಬ ಮೌಂಟನ್ ಬೈಕ್ ಸ್ಪರ್ಧಾ ಸರಣಿ ಗೆದ್ದದ್ದು ಫ್ಲ್ಯಾಟ್ ಪೆಡಲಿನ ಮೇಲೆ ನಿಂತೇ.

ಪೆಡಲ್ ಬದಲಿಸಿದರೂ ನಿಲ್ಲುವ ರೀತಿ ಬದಲಾಗದಿದ್ದರೆ ಕಾಲು ಜಾರುತ್ತಲೇ ಇರುತ್ತದೆ. ಇಳಿಯುವಾಗ ಸೀಟಿನಿಂದ ಎದ್ದು, ಎರಡೂ ಪೆಡಲುಗಳನ್ನು ಒಂದೇ ಮಟ್ಟದಲ್ಲಿರಿಸಿ, ಹಿಮ್ಮಡಿಯನ್ನು ಕೆಳಕ್ಕೆ ಒತ್ತಿರಿ. ಆಕ್ಸಲ್ ಬೆರಳುಗಳ ಬುಡದ ಉಬ್ಬಿಗಿಂತ ತುಸು ಹಿಂದಕ್ಕೆ ಬರುವಂತೆ ಪಾದವಿಡಿ. ಹಿಮ್ಮಡಿ ಕೆಳಗಿದ್ದಾಗ ಕುಲುಕಾಟ ಪಾದವನ್ನು ಪೆಡಲಿಗೇ ಒತ್ತುತ್ತದೆ. ಹಿಮ್ಮಡಿ ಎದ್ದರೆ ಅದೇ ಕುಲುಕಾಟ ಪಾದವನ್ನು ಎಬ್ಬಿಸಿ ಎಸೆಯುತ್ತದೆ. ನಿಮ್ಮ ಕಾಲು ತಪ್ಪಿದ್ದು ಬಹುಶಃ ಹೀಗೆಯೇ.

ಪ್ರಶ್ನೆ: ಬಾದಾಮಿಯ ಸುತ್ತಿನ ಮರಳುಗಲ್ಲಿನ ದಾರಿಗಳಲ್ಲಿ ಸೈಕಲ್ ಹೊಡೆಯುತ್ತೇನೆ. ಆರು ತಿಂಗಳ ಹಿಂದೆ ಹಾಕಿಸಿದ ಅಲ್ಯೂಮಿನಿಯಂ ಪೆಡಲ್ ಈಗ ಕಿರುಗುಟ್ಟುತ್ತದೆ, ಕೈಯಿಂದ ಅಲುಗಿಸಿದರೆ ಅಲುಗುತ್ತದೆ. ಹೊಸದನ್ನೇ ಕೊಳ್ಳಬೇಕೆ?

ಉತ್ತರ: ಕೊಳ್ಳುವ ಮುನ್ನ ಬಿಚ್ಚಿ ನೋಡಿರಿ. ಪೆಡಲಿನ ಹೊರತುದಿಯಲ್ಲಿ ಒಂದು ಮುಚ್ಚಳವಿದ್ದರೆ ಅದನ್ನು ತೆಗೆದಾಗ ಒಳಗೆ ನಟ್ ಕಾಣುತ್ತದೆ. ಅದನ್ನು ಬಿಚ್ಚಿದರೆ ಒಡಲು ಆಕ್ಸಲಿನಿಂದ ಕಳಚಿ ಬರುತ್ತದೆ. ಬಿಡಿ ಬಾಲುಗಳ ಬೇರಿಂಗ್ ಆಗಿದ್ದರೆ ಬಾಲುಗಳು ಕೆಳಗೆ ಉದುರುವುದರಿಂದ ಬಟ್ಟೆ ಹಾಸಿಕೊಂಡು ಬಿಚ್ಚಬೇಕು. ಹಳೆಯ ಗ್ರೀಸನ್ನು ಪೂರ್ತಿ ಒರೆಸಿ, ಹೊಸ ಗ್ರೀಸ್ ತುಂಬಿ, ಅಲುಗಾಟ ಹೋಗುವಷ್ಟು ಮಾತ್ರ ಬಿಗಿದರೆ ಅದು ಮತ್ತೆ ಸರಿಯಾಗುತ್ತದೆ. ಮುಚ್ಚಿದ ಬೇರಿಂಗ್ ಆಗಿದ್ದರೆ ಅದರ ಮೇಲಿನ ನಂಬರ್ ಓದಿ, ಬುಶ್ (ಬಾಲುಗಳಿಲ್ಲದ ಸಣ್ಣ ಕೊಳವೆ) ಆಗಿದ್ದರೆ ಅಳತೆ ನೋಡಿ, ಅದೇ ಅಳತೆಯದನ್ನು ತಂದು ಕೂರಿಸಬಹುದು. ಆಕ್ಸಲಿನ ಮೇಲೆ ಆಳವಾದ ಗೀರು ಅಥವಾ ಕುಳಿ ಕಂಡರೆ ಮಾತ್ರ ಹೊಸ ಪೆಡಲ್ ಕೊಳ್ಳಿರಿ.

ಆರೇ ತಿಂಗಳಲ್ಲಿ ಹೀಗಾಗಲು ಕಾರಣ ಮರಳು. ನಿಮ್ಮ ಕಡೆಯ ಸಣ್ಣ ಮರಳು ಗ್ರೀಸಿನೊಡನೆ ಕಲೆತರೆ ಅರೆಯುವ ಪುಡಿಯಾಗಿ ಲೋಹವನ್ನು ಸವೆಸುತ್ತದೆ. ಮೋಟಾರ್ ಸೈಕಲ್ ತೊಳೆಯುವ ಅಂಗಡಿಯಲ್ಲಿ ಒತ್ತಡದ ನೀರು ಹೊಡೆಸುವ ಅಭ್ಯಾಸವಿದ್ದರೆ ಇಂದೇ ಬಿಡಿರಿ. ಆ ನೀರು ಸೀಲನ್ನು ದಾಟಿ ಮರಳನ್ನು ಒಳಕ್ಕೇ ಒಯ್ಯುತ್ತದೆ. ಒಣ ಬ್ರಷ್ಷಿನಿಂದ ಝಾಡಿಸಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಮುಂದೆ ಕೊಳ್ಳುವಾಗ ಬಿಡಿಭಾಗಗಳು ಸಿಗುವ, ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಉಕ್ಕಿನ ಆಕ್ಸಲ್ ಇರುವ ಪೆಡಲನ್ನೇ ಆರಿಸಿರಿ.

ಪ್ರಶ್ನೆ: ವಿಜಯಪುರದಲ್ಲಿ ಮಗನ ಸೈಕಲ್ಲಿಗೆ ಹೊಸ ಪೆಡಲ್ ಹಾಕಲು ಕುಳಿತೆ. ಬಲಗಡೆಯ ಹಳೆಯದು ಬಿಚ್ಚಿ ಬಂತು, ಎಡಗಡೆಯದು ಎಷ್ಟು ತಿರುಗಿಸಿದರೂ ಇನ್ನೂ ಬಿಗಿಯಾಗುತ್ತದೆ. ತಪ್ಪು ಎಲ್ಲಿದೆ?

ಉತ್ತರ: ನೀವು ಅದನ್ನು ಬಿಗಿಯುತ್ತಿದ್ದೀರಿ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ತುಳಿಯುವಾಗ ಪೆಡಲ್ ತಾನಾಗಿ ಸಡಿಲವಾಗಿ ಕಳಚದಿರಲೆಂದೇ ಹಾಗೆ ಮಾಡಿರುತ್ತಾರೆ. ಎಡಬಲದ ಗೊಂದಲ ಬೇಡವೆಂದರೆ ಒಂದು ಉಪಾಯವಿದೆ: ಪಾನಾವನ್ನು ಪೆಡಲಿನ ಆಕ್ಸಲಿಗೆ ಹಾಕಿ ಅದರ ಹಿಡಿ ಮೇಲ್ಮುಖವಾಗಿರುವಂತೆ ನಿಲ್ಲಿಸಿರಿ, ಯಾವ ಬದಿಯಾದರೂ ಸರಿ, ಹಿಡಿಯನ್ನು ಹಿಂದಿನ ಗಾಲಿಯ ಕಡೆಗೆ ಎಳೆದರೆ ಬಿಚ್ಚುತ್ತದೆ, ಮುಂದಿನ ಗಾಲಿಯ ಕಡೆಗೆ ಒತ್ತಿದರೆ ಬಿಗಿಯುತ್ತದೆ. ಸಾಮಾನ್ಯವಾಗಿ 15 ಮಿಲಿಮೀಟರಿನ ಪಾನಾ ಬೇಕಾಗುತ್ತದೆ, ಕೆಲವು ಪೆಡಲುಗಳಿಗೆ ಒಳಬದಿಯಿಂದ 6 ಅಥವಾ 8 ಮಿಲಿಮೀಟರಿನ ಅಲೆನ್ ಕೀ.

ಹೊಸ ಪೆಡಲಿನ ಆಕ್ಸಲ್ ಮೇಲೆ ಎಲ್ ಮತ್ತು ಆರ್ ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ: ಎಲ್ ಎಡಕ್ಕೆ, ಆರ್ ಬಲಕ್ಕೆ. ನನ್ನ ಸೈಕಲ್ಲಿಗೇ ಒಮ್ಮೆ ಒಂದು ಅಂಗಡಿಯಲ್ಲಿ ಬಲದ ಪೆಡಲನ್ನು ಎಡದ ಕ್ರ್ಯಾಂಕಿಗೆ (ಪೆಡಲ್ ಕೂರುವ ತೋಳಿಗೆ) ಬಲವಂತವಾಗಿ ತಿರುಗಿಸಿ, ಕ್ರ್ಯಾಂಕಿನ ಅಲ್ಯೂಮಿನಿಯಂ ಥ್ರೆಡ್ ಪೂರ್ತಿ ಹಾಳು ಮಾಡಿದರು. ಪೆಡಲಿಗಿಂತ ಹೆಚ್ಚಿನ ಬೆಲೆ ಕೊಟ್ಟು ಕ್ರ್ಯಾಂಕನ್ನೇ ಬದಲಿಸಬೇಕಾಯಿತು. ಆದ್ದರಿಂದ ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ನಾಲ್ಕೈದು ಸುತ್ತುಗಳನ್ನು ಕೈಬೆರಳಿನಿಂದಲೇ ತಿರುಗಿಸಿರಿ, ಸಲೀಸಾಗಿ ಒಳಗೆ ಹೋದ ಮೇಲಷ್ಟೇ ಪಾನಾ ಹಿಡಿಯಿರಿ. ಮಗನ ಸೈಕಲ್ ಚಿಕ್ಕದಾಗಿದ್ದು, ಎರಡೂ ಬದಿಯ ಕ್ರ್ಯಾಂಕ್ ಒಂದೇ ಬಾಗಿದ ಉಕ್ಕಿನ ಸರಳಾಗಿದ್ದರೆ ಅದಕ್ಕೆ ಅರ್ಧ ಇಂಚಿನ ಪೆಡಲ್ ಬೇಕು. ಮೌಂಟನ್ ಬೈಕುಗಳ ಪೆಡಲಿನ ಅಳತೆ 9/16 ಇಂಚು. ಹೊಸದಾಗಿ ತಂದದ್ದು ಯಾವ ಅಳತೆಯದೆಂದು ಹಳೆಯದರ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಕೂರಿಸಿರಿ.